ಅರಿವಿಲ್ಲದೆ ಆದ ಸಂಸ್ಕಾರ ಸಂಸ್ಕಾರವೇ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರು ಕ್ರೈಸ್ತರು. ಅವರ ಮಗಳು ನನ್ನ ಮಗನ ವಾರಿಗೆಯವಳು, ನಮ್ಮ ಮನೆಯಲ್ಲೇ ಆಡಿ ಬೆಳೆದ ಹುಡುಗಿ. ಕೂಸಾಗಿದ್ದಾಗಲೇ ಅವಳಿಗೆ ಅವರ ಚರ್ಚಿನಲ್ಲಿ ದೀಕ್ಷಾಸ್ನಾನ ಆಗಿದೆ. ಈಗ ಇಪ್ಪತ್ತಮೂರು ವರ್ಷ. ‘ಆಗ ನನಗೇನೂ ಗೊತ್ತಿರಲಿಲ್ಲ, ಅದು ಲೆಕ್ಕಕ್ಕಿಲ್ಲ, ಬೇರೆ ಸಭೆಯಲ್ಲಿ ನಾನೇ ಒಪ್ಪಿ ಮಾಡಿಸಿಕೊಳ್ಳುತ್ತೇನೆ’ ಅಂತ ಹೇಳುತ್ತಿದ್ದಾಳೆ. ಅವಳ ತಾಯಿ ನಮ್ಮ ಮನೆಗೆ ಬಂದು ಅತ್ತರು. ಇದನ್ನೆಲ್ಲ ಕೇಳಿಸಿಕೊಂಡ ನನ್ನ ಮಗ, ‘ನನಗೂ ಎಂಟು ವರ್ಷಕ್ಕೆ ಮುಂಜಿ ಮಾಡಿದಿರಿ, ನನ್ನನ್ನು ಯಾರು ಕೇಳಿದ್ರು?’ ಅಂತ ಶುರು ಮಾಡಿದ್ದಾನೆ. ತಿಳಿವಳಿಕೆ ಇಲ್ಲದ ವಯಸ್ಸಿನಲ್ಲಿ ಆದ ಸಂಸ್ಕಾರಕ್ಕೆ ಬೆಲೆ ಉಂಟೇ? ಆ ಹುಡುಗಿ ಕರೆದರೆ ನಾವು ಹೋಗಬಹುದೇ? ಹೋದರೆ ದೋಷವಿದೆಯೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಸೋದರಿ, ಈ ಅಂಕಣಕ್ಕೆ ಸಾಮಾನ್ಯವಾಗಿ ಬರುವುದು ಬಾಡಿಗೆ ಮನೆಗೆ ಗೃಹಪ್ರವೇಶ ಬೇಕೇ, ಸೂತಕದಲ್ಲಿ ದೀಪ ಹಚ್ಚಬಹುದೇ ಎಂಬಂಥ ಪ್ರಶ್ನೆಗಳು. ಅವಕ್ಕೆ ಪಂಚಾಂಗವನ್ನೋ ನಿರ್ಣಯಸಿಂಧುವನ್ನೋ ನೋಡಿ ಉತ್ತರ ಹೇಳಬಹುದು. ತಮ್ಮ ಪ್ರಶ್ನೆ ಹಾಗಲ್ಲ. ಕ್ರಿಯೆ ಮೊದಲೋ ನಂಬಿಕೆ ಮೊದಲೋ, ಒಬ್ಬರ ಮೇಲೆ ಇನ್ನೊಬ್ಬರು ಮಾಡಿದ ಕ್ರಿಯೆ ಅವರನ್ನು ಕಟ್ಟಿಹಾಕುತ್ತದೆಯೋ ಎಂಬ ದೊಡ್ಡ ಮಾತು ಇದರೊಳಗಿದೆ. ಮಗನ ಪ್ರಶ್ನೆ ಹುಟ್ಟಿದ್ದು ಆ ಹುಡುಗಿಯ ಪ್ರಶ್ನೆಯಿಂದ. ಆದ್ದರಿಂದ ಮೊದಲು ಅವಳ ಕಡೆಯಿಂದಲೇ ನೋಡೋಣ. ಇನ್ನೊಬ್ಬರ ಧರ್ಮದ ಕ್ರಿಯೆಯನ್ನು ನಮ್ಮ ಅಳತೆಗೋಲಿನಿಂದ ಅಳೆದು ತೀರ್ಪು ಕೊಡುವುದು ಸುಲಭ, ಆದರೆ ಅದರಿಂದ ಯಾರಿಗೂ ಉಪಯೋಗವಿಲ್ಲ.

ದೀಕ್ಷಾಸ್ನಾನ ಅಂದರೆ ತಂದೆ, ಮಗ, ಪವಿತ್ರಾತ್ಮ ಎಂಬ ಹೆಸರಿನಲ್ಲಿ ನೀರು ಹೊಯ್ದು, ಅಥವಾ ನೀರಿನಲ್ಲಿ ಮುಳುಗಿಸಿ, ಒಬ್ಬರನ್ನು ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ಕ್ರಿಯೆ. ಕಥೋಲಿಕರು ಇದನ್ನು ಜ್ಞಾನಸ್ನಾನ ಅನ್ನುತ್ತಾರೆ. ಕಥೋಲಿಕರಲ್ಲಿ, ಆಂಗ್ಲಿಕನ್ನರಲ್ಲಿ, ನಮ್ಮಲ್ಲಿ ಸಿಎಸ್‌ಐ ಎಂದು ಎಲ್ಲರೂ ಕರೆಯುವ ದಕ್ಷಿಣ ಭಾರತ ಸಭೆಯಲ್ಲಿ ಹಸುಗೂಸುಗಳಿಗೂ ಇದನ್ನು ಮಾಡುತ್ತಾರೆ. ಮಗು ಮಾತಾಡುವುದಿಲ್ಲವಲ್ಲ, ಅದರ ಪರವಾಗಿ ಹೆತ್ತವರೂ ಜ್ಞಾನ ತಂದೆತಾಯಿಗಳೂ ಮಾತು ಕೊಡುತ್ತಾರೆ. ಬೆಳೆದ ಮೇಲೆ ದೃಢೀಕರಣ ಎಂಬ ಇನ್ನೊಂದು ಕ್ರಿಯೆಯಲ್ಲಿ ಆ ಮಾತನ್ನು ಮಗುವೇ ತನ್ನ ಬಾಯಿಂದ ಹೇಳಬೇಕು. ಈ ಸಭೆಗಳಲ್ಲಿ ದೀಕ್ಷಾಸ್ನಾನ ಜೀವಮಾನಕ್ಕೆ ಒಂದೇ ಸಲ, ಎರಡನೆಯದೆಂಬುದಿಲ್ಲ. ಬ್ಯಾಪ್ಟಿಸ್ಟರು ಮತ್ತು ಅವರ ಹಾದಿಯ ಇತರರು ಹೇಳುವುದು ಬೇರೆ: ನಂಬಿದವನಿಗೆ ಮಾತ್ರ ದೀಕ್ಷೆ, ಅದೂ ಪೂರ್ತಿ ಮುಳುಗಿ. ಹಸುಗೂಸಿಗೆ ನಂಬಿಕೆ ಎಲ್ಲಿಂದ ಬರಬೇಕು? ಹಾಗಾಗಿ ಕೂಸಿನ ತಲೆಗೆ ಹಾಕಿದ ನೀರು ಅವರ ಪಾಲಿಗೆ ಬರೀ ನೀರು.

ತಮ್ಮ ನೆರೆಯವರ ಕಣ್ಣೀರು ಹುಟ್ಟಿದ್ದು ಇಲ್ಲೇ ಎಂದು ನನಗೆ ತೋರುತ್ತದೆ. ತಾಯಿಯ ಲೆಕ್ಕದಲ್ಲಿ ಮಗಳು ‘ಎರಡನೇ ಸಲ’ ದೀಕ್ಷೆ ತೆಗೆದುಕೊಳ್ಳುತ್ತಿದ್ದಾಳೆ. ಮಗಳ ಹೊಸ ಸಭೆಯ ಲೆಕ್ಕದಲ್ಲಿ ಇದು ಮೊದಲನೆಯದು. ಎರಡನೆಯದು ಅಂದರೆ ಮೊದಲನೆಯದನ್ನು ಗೌರವಿಸಿದ ಹಾಗಾದರೂ ಆಗುತ್ತಿತ್ತು. ಮೊದಲನೆಯದೇ ಇರಲಿಲ್ಲ ಅಂದರೆ ಹೆತ್ತವರು ಅಂದು ಮಡಿಲಲ್ಲಿ ಎತ್ತಿಕೊಂಡು ನಿಂತದ್ದು, ಊರಿಂದ ಅಜ್ಜಿ ಬಂದದ್ದು, ಹೆಸರಿಟ್ಟದ್ದು ಎಲ್ಲ ಸುಳ್ಳು ಎಂದಂತೆ. ಯಾವ ತಾಯಿಗೆ ನೋವಾಗುವುದಿಲ್ಲ ಹೇಳಿ.

ಇದೇನೂ ಇವತ್ತಿನ ಜಗಳವಲ್ಲ. 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಕೆಲವು ಯುವಕರು ಹೀಗೆಯೇ ಹೇಳಿ, ದೊಡ್ಡವರಾದ ಮೇಲೆ ಒಬ್ಬರಿಗೊಬ್ಬರು ದೀಕ್ಷೆ ಕೊಟ್ಟುಕೊಂಡರು. ಅವರಲ್ಲಿ ಫೆಲಿಕ್ಸ್ ಮಾನ್ಸ್ ಎಂಬವನನ್ನು 1527ರ ಜನವರಿಯಲ್ಲಿ ನಗರದ ಆಡಳಿತವೇ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು. ನೀರಿನ ವಿಷಯಕ್ಕೆ ಜಗಳ, ನೀರಿನಿಂದಲೇ ಶಿಕ್ಷೆ. 1812ರಲ್ಲಿ ಅಡೊನಿರಾಮ್ ಜಡ್ಸನ್ ಎಂಬ ಇಪ್ಪತ್ತಮೂರರ ಅಮೆರಿಕನ್ ಯುವಕ ಹೊಸದಾಗಿ ಮದುವೆಯಾದ ಹೆಂಡತಿಯ ಜೊತೆ ಕಲ್ಕತ್ತೆಗೆ ಹಡಗು ಹತ್ತಿದ. ಸೇರಾಂಪುರದಲ್ಲಿ ಬ್ಯಾಪ್ಟಿಸ್ಟರು ಸಿಗುತ್ತಾರೆ, ಶಿಶುದೀಕ್ಷೆಯ ಪರವಾಗಿ ಅವರ ಜೊತೆ ವಾದ ಮಾಡಬೇಕಾದೀತು ಅಂತ ದಾರಿಯಲ್ಲಿ ಪುಸ್ತಕ ಓದುತ್ತ ಕೂತ. ಓದಿ ಓದಿ ಎದುರು ಪಕ್ಷವೇ ಸರಿ ಅನ್ನಿಸಿಬಿಟ್ಟಿತು! ಹೆಂಡತಿ ಆ್ಯನ್ ಮೊದಲು ಒಪ್ಪಲಿಲ್ಲ. ಆಮೇಲೆ ತಾನೂ ಓದಿದಳು, ತಾನೂ ಬದಲಾದಳು. ಆ ಸೆಪ್ಟೆಂಬರಿನಲ್ಲಿ ಕಲ್ಕತ್ತೆಯಲ್ಲಿ ಇಬ್ಬರೂ ಮುಳುಗಿ ದೀಕ್ಷೆ ಪಡೆದರು. ಅವರನ್ನು ಕಳಿಸಿದ್ದ ಮಂಡಳಿ ಶಿಶುದೀಕ್ಷೆಯವರದು. ಅದರ ಸಂಬಳ, ಆಸರೆ, ಸ್ನೇಹ ಎಲ್ಲ ಬಿಟ್ಟಂತಾಯಿತು. ಪರದೇಶದಲ್ಲಿ, ಕೈಯಲ್ಲಿ ಕಾಸಿಲ್ಲದೆ. ಈ ಒಂದು ಕಾರಣಕ್ಕಾದರೂ ಇಂಥ ಹುಡುಗ ಹುಡುಗಿಯರನ್ನು ‘ಏನೋ ಹುಚ್ಚು’ ಎಂದು ತಳ್ಳಿಹಾಕಬಾರದು. ಕಳೆದುಕೊಳ್ಳುವುದಕ್ಕೆ ಸಿದ್ಧರಾಗಿ ಕೇಳುವ ಪ್ರಶ್ನೆಗೆ ತೂಕ ಇರುತ್ತದೆ.

ಆದರೆ ತಮಗೆ ನಾನು ವಿವರವಾಗಿ ಹೇಳಬೇಕೆಂದಿರುವುದು ನಮ್ಮದೇ ಘಟ್ಟದಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳ ವಿಷಯ. ಪಂಡಿತಾ ರಮಾಬಾಯಿ. ಮತಾಂತರವಾದವರ ಕಥೆ ಈ ಪತ್ರಿಕೆಯಲ್ಲಿ ಯಾಕೆ ಅಂತ ಕೆಲವು ಓದುಗರು ಹುಬ್ಬು ಗಂಟಿಕ್ಕಬಹುದು. ಅವರ ದಾರಿ ಹಿಡಿಯಿರಿ ಎಂದು ಯಾರಿಗೂ ಹೇಳುತ್ತಿಲ್ಲ. ತಾವು ಕೇಳಿದ ಪ್ರಶ್ನೆಯನ್ನು ಬಾಯಿಮಾತಿಗಲ್ಲ, ಇಡೀ ಬದುಕಿನಲ್ಲಿ ಬದುಕಿ ತೋರಿಸಿದವರು ಅವರು, ಅದಕ್ಕಾಗಿ.

1858ರಲ್ಲಿ ರಮಾಬಾಯಿ ಹುಟ್ಟಿದ್ದು ಗಂಗಾಮೂಲದ ಕಾಡಿನಲ್ಲಿ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಕಾರ್ಕಳದ ಬಳಿಯ ಮಾಳದವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಉಡುಪಿಯ ಪಂಡಿತರ ಸಭೆಯ ಮುಂದೆ ನಿಂತು ಉತ್ತರ ಹೇಳಬೇಕಾಗಿ ಬಂತು, ಹೇಳಿದರು. ಆ ತಾಯಿಯೇ ಮಗಳಿಗೆ ಪಾಠ ಹೇಳಿದ್ದು. ಸಂಸಾರ ತೀರ್ಥದಿಂದ ತೀರ್ಥಕ್ಕೆ ಪುರಾಣ ಹೇಳುತ್ತ ಅಲೆಯಿತು. ವ್ರತ, ದಾನ, ಸ್ನಾನ ಒಂದನ್ನೂ ಬಿಟ್ಟವರಲ್ಲ. ಕ್ಷಾಮದ ದಿನಗಳಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹೋದರು. ಉಳಿದ ಅಣ್ಣ ತಂಗಿ ಕಾಲ್ನಡಿಗೆಯಲ್ಲೇ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ಮುಟ್ಟಿದರು. ಅಲ್ಲಿಯ ವಿದ್ವಾಂಸರು ಇಪ್ಪತ್ತರ ಆ ಹುಡುಗಿಯನ್ನು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಆಮೇಲೆ ಅಣ್ಣ ತೀರಿಕೊಂಡರು. ಬೇರೆ ಜಾತಿಯ ಬಂಗಾಳಿ ವಕೀಲರೊಬ್ಬರನ್ನು ಮದುವೆಯಾದರು, ಮನೋರಮಾ ಎಂಬ ಮಗಳು ಹುಟ್ಟಿದಳು, 1882ರಲ್ಲಿ ಗಂಡ ಕಾಲರಾದಿಂದ ಹೋದರು. ಇಪ್ಪತ್ತನಾಲ್ಕಕ್ಕೆ ಇಷ್ಟೆಲ್ಲ.

1883ರಲ್ಲಿ ವೈದ್ಯಕೀಯ ಓದುವ ಆಸೆಯಿಂದ ಮಗುವನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಹೋದರು. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರು ಇಳಿದುಕೊಳ್ಳಲು ಜಾಗ ಕೊಟ್ಟರು. ಹೊರಡುವಾಗ ಪುಣೆಯ ಆಪ್ತರಿಗೆ ‘ಮತ ಬದಲಿಸುವುದಿಲ್ಲ’ ಎಂದೇ ಹೇಳಿದ್ದರು. ಆದರೆ ಅಲ್ಲಿ ಕಂಡ ಒಂದು ಸಂಗತಿ ಅವರನ್ನು ಅಲುಗಾಡಿಸಿತು. ದಾರಿ ತಪ್ಪಿದವರು ಎಂದು ಸಮಾಜ ಹೊರಗೆ ಹಾಕಿದ ಹೆಂಗಸರನ್ನು ಆ ಸನ್ಯಾಸಿನಿಯರು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಒಳಗೆ ಕರೆದು ಸಲಹುತ್ತಿದ್ದರು. ಸಿದ್ಧಾಂತದ ಪುಸ್ತಕಕ್ಕಿಂತ ಇದು ಹೆಚ್ಚು ಮಾತಾಡಿತು. ಆ ವರ್ಷ ಸೆಪ್ಟೆಂಬರ್ 29ರಂದು ವಾಂಟೇಜ್‌ನಲ್ಲಿ ತಾಯಿ ಮಗಳು ಇಬ್ಬರಿಗೂ ದೀಕ್ಷಾಸ್ನಾನವಾಯಿತು.

ಇಲ್ಲಿ ಸ್ವಲ್ಪ ನಿಲ್ಲಿ. ಒಂದೇ ದಿನ ದೀಕ್ಷೆ ಪಡೆದವರು ಇಬ್ಬರು. ಒಬ್ಬರಿಗೆ ಇಪ್ಪತ್ತೈದು ವರ್ಷ, ಶಾಸ್ತ್ರಗಳನ್ನು ಅರೆದು ಕುಡಿದವರು, ಯೋಚನೆ ಮಾಡಿ ಒಪ್ಪಿದವರು. ಇನ್ನೊಬ್ಬಳಿಗೆ ಎರಡೂವರೆ ವರ್ಷ, ಏನಾಗುತ್ತಿದೆ ಎಂಬುದೇ ತಿಳಿಯದವಳು. ತಮ್ಮ ಪಕ್ಕದ ಮನೆಯ ಹುಡುಗಿಯ ಮಾತು ಸರಿಯಾಗಿದ್ದರೆ ತಾಯಿಯ ದೀಕ್ಷೆ ಗಟ್ಟಿ, ಮಗುವಿನದು ಪೊಳ್ಳು ಆಗಬೇಕಿತ್ತು. ಆಮೇಲೆ ನಡೆದದ್ದು ಅಷ್ಟು ಸರಳವಾಗಿಲ್ಲ.

ದೀಕ್ಷೆ ಆದ ಮೇಲೆ ರಮಾಬಾಯಿಯ ಪ್ರಶ್ನೆಗಳು ನಿಲ್ಲಲಿಲ್ಲ, ಹೆಚ್ಚಾದವು. ಅವರ ಆಧ್ಯಾತ್ಮಿಕ ಹೊಣೆ ಹೊತ್ತಿದ್ದವರು ಸಿಸ್ಟರ್ ಜೆರಾಲ್ಡಿನ್. ಮನೋರಮಾಳಿಗೆ ಅವರು ‘ಆಜೀಬಾಯಿ’. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ಇನ್ನೊಬ್ಬ ಹಿರಿಯರು. ಇವರಿಬ್ಬರಿಗೂ ರಮಾಬಾಯಿಗೂ ನಡೆದ ಪತ್ರವ್ಯವಹಾರ ಮುಂದೆ ಪುಸ್ತಕವಾಗಿದೆ. ತ್ರಿತ್ವ ಎಂದರೇನು, ಕನ್ಯೆಯಿಂದ ಜನನ ಎಂಬುದನ್ನು ನಂಬಲೇಬೇಕೇ, ಬೈಬಲಿನಲ್ಲಿ ನನಗೆ ಕಾಣದ್ದನ್ನು ಸಭೆ ಹೇಳಿತೆಂದು ಒಪ್ಪಬೇಕೇ — ಒಂದಾದ ಮೇಲೆ ಒಂದು. ಜೆರಾಲ್ಡಿನ್‌ಗೆ ಇದು ಅಹಂಕಾರವಾಗಿ ಕಂಡಿತು, ವಿಧೇಯತೆ ಕಲಿ ಎಂದರು. ರಮಾಬಾಯಿ ಒಂದು ಪುರೋಹಿತ ವರ್ಗದ ನೊಗವನ್ನು ಕಷ್ಟಪಟ್ಟು ಇಳಿಸಿ ಬಂದವರು, ಇನ್ನೊಂದಕ್ಕೆ ಕೊರಳು ಕೊಡುವುದಿಲ್ಲ ಎಂಬ ಅರ್ಥದಲ್ಲಿ ಉತ್ತರ ಬರೆದರು. ಅವರು ಗಂಡಸರಿಗೆ ಪಾಠ ಹೇಳುವುದು ತಕ್ಕುದಲ್ಲ ಎಂದು ಬಿಷಪ್ಪರ ಕಡೆಯಿಂದ ಮಾತು ಬಂದಾಗ ಕೆರಳಿದರು. ಉಡುಪಿಯ ಸಭೆಯಲ್ಲಿ ತಂದೆ ಎದುರಿಸಿದ್ದಕ್ಕೂ ಇದಕ್ಕೂ ಎಷ್ಟು ದೂರ? ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಭಾರತದಲ್ಲಿ ಸಂಸ್ಕೃತ ಕೆತ್ತಿಸಬಾರದೇ ಎಂದೂ ಕೇಳಿದರು. ಕ್ರೈಸ್ತರಾದರೂ ಸಸ್ಯಾಹಾರ ಬಿಡಲಿಲ್ಲ. ಅದಕ್ಕೂ ಆಕ್ಷೇಪಣೆ! ಮಗಳಿಗೆ ಏನು ಕಲಿಸಬೇಕು ಎಂಬುದರಲ್ಲಂತೂ ಇಬ್ಬರಿಗೂ ಹೊಂದಲೇ ಇಲ್ಲ.

ಇಲ್ಲಿ ಒಂದು ವಿಚಿತ್ರ ಗಮನಿಸಿ. ಪುಣೆಯಲ್ಲಿ ನಮ್ಮವರು ‘ಮಾತು ತಪ್ಪಿದಳು, ನೀರು ಹಾಕಿಸಿಕೊಂಡು ಅವರ ಕೈಗೆ ಹೋದಳು’ ಎಂದು ಬೈದರು. ವಾಂಟೇಜ್‌ನಲ್ಲಿ ‘ದೀಕ್ಷೆ ಪಡೆದೂ ನಮ್ಮ ಮಾತು ಕೇಳುವುದಿಲ್ಲ’ ಎಂದು ಅವರು ನೊಂದರು. ಇಬ್ಬರೂ ಒಂದೇ ತಪ್ಪು ಲೆಕ್ಕ ಹಾಕಿದ್ದರು: ಕ್ರಿಯೆ ಆಯಿತು ಅಂದರೆ ಮನುಷ್ಯ ಕೈಗೆ ಬಂದ ಹಾಗೆ, ಅಥವಾ ಕೈಬಿಟ್ಟು ಹೋದ ಹಾಗೆ. ಕ್ರಿಯೆ ಮಾಡಿಸಿದವರಿಗೆ ಮಾಡಿಸಿಕೊಂಡವರ ಮನಸ್ಸಿನ ಮೇಲೆ ಹಕ್ಕುಪತ್ರ ಸಿಗುತ್ತದೆ ಎಂಬ ಭ್ರಮೆ ಎಲ್ಲ ಧರ್ಮಗಳಲ್ಲೂ ಇದೆ, ನಮ್ಮಲ್ಲೂ ಧಾರಾಳವಾಗಿದೆ.

ಮುಂದಿನದು ಇನ್ನೂ ಮುಖ್ಯ. 1889ರಲ್ಲಿ ಭಾರತಕ್ಕೆ ಮರಳಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದರು. ಅದಾಗಿ ಎರಡು ವರ್ಷಕ್ಕೆ, ದೀಕ್ಷೆಯಾದ ಎಂಟು ವರ್ಷದ ನಂತರ, ಅವರಿಗೆ ಹೊಳೆಯಿತಂತೆ: ತನಗೆ ಸಿಕ್ಕಿದ್ದು ಕ್ರೈಸ್ತ ಮತ, ಕ್ರಿಸ್ತನಲ್ಲ. ಬುದ್ಧಿಗೆ ಒಪ್ಪಿಗೆಯಾದದ್ದು ಎದೆಗೆ ಇಳಿದಿರಲಿಲ್ಲ. 1907ರಲ್ಲಿ ಬರೆದ ಆತ್ಮವೃತ್ತಾಂತದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಆ ಘಟ್ಟವನ್ನು ಹೇಳುವಾಗ ಅವರು ನೀರಿನ ಮಾತು ಆಡುವುದಿಲ್ಲ, ತಾವು ಓದಿದ ಒಂದು ಪುಸ್ತಕದ ಮಾತು ಆಡುತ್ತಾರೆ. ಅದನ್ನು ಬರೆದವರು ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿ. ಅವರ ಕಥೆಯೂ ಸ್ವಾರಸ್ಯವಾದದ್ದೇ. ವರ್ಷಗಟ್ಟಲೆ ಪೂಜೆ, ಬೋಧನೆ ನಡೆಸಿಕೊಂಡಿದ್ದ ಅವರಿಗೆ 1851ರಲ್ಲಿ ಕಾರ್ನ್‌ವಾಲ್‌ನ ತಮ್ಮದೇ ಚರ್ಚಿನಲ್ಲಿ, ತಮ್ಮದೇ ಉಪದೇಶದ ಮಧ್ಯೆ, ತಾವು ಹೇಳುತ್ತಿರುವುದರ ಅರ್ಥ ತಮಗೇ ತಟ್ಟಿತು. ನಾಲ್ವತ್ತು ವರ್ಷ ಮಂತ್ರ ಹೇಳಿದ ಪುರೋಹಿತರಿಗೆ ಒಂದು ದಿನ ಸಂಕಲ್ಪ ಮಾಡುವಾಗ ಗಂಟಲು ಕಟ್ಟಿದ್ದನ್ನು ಕಂಡವರು ಇದನ್ನು ಸುಲಭವಾಗಿ ನಂಬುತ್ತಾರೆ.

ಈಗ ತಮ್ಮ ನೆರೆಯ ಹುಡುಗಿಗೆ ಹೇಳಬೇಕಾದ್ದು ಏನೆಂದು ನೋಡಿ. ‘ಕೂಸಾಗಿದ್ದಾಗ ತಿಳಿದಿರಲಿಲ್ಲ, ಈಗ ತಿಳಿದಿದೆ’ ಅನ್ನುತ್ತಾಳೆ. ರಮಾಬಾಯಿಯಷ್ಟು ತಿಳಿದವರೇ ಇಪ್ಪತ್ತೈದಕ್ಕೆ ತಿಳಿದು ಮಾಡಿದ್ದನ್ನು ಮೂವತ್ತಮೂರಕ್ಕೆ ‘ಅಂದು ತಿಳಿದಿರಲಿಲ್ಲ’ ಅಂದರು. ತಿಳಿವಳಿಕೆ ಬಂದ ಮೇಲೆಯೇ ಕ್ರಿಯೆ ಅಂತ ಹಟ ಹಿಡಿದರೆ, ಯಾವ ತಿಳಿವಳಿಕೆ ಬಂದ ಮೇಲೆ? ಮೂವತ್ತರದೋ, ಐವತ್ತರದೋ? ಪ್ರತಿ ಸಲ ಕಣ್ಣು ತೆರೆದಾಗಲೂ ಹಿಂದಿನದು ಲೆಕ್ಕಕ್ಕಿಲ್ಲ ಅನ್ನುತ್ತ ಹೋದರೆ ನೀರಿಗೆ ಇಳಿಯುವುದೇ ಕೆಲಸವಾಗುತ್ತದೆ. ಕ್ರಿಯೆ ಒಂದು ದಿನ ನಡೆಯುತ್ತದೆ, ಅದರ ಅರ್ಥ ಒಂದು ದಿನ ಬರುವುದಿಲ್ಲ. ಎರಡಕ್ಕೂ ನಡುವೆ ಎಂಟು ವರ್ಷವೂ ಇರಬಹುದು, ಎಂಬತ್ತೂ ಇರಬಹುದು.

ಹಾಗಂತ ಹುಡುಗಿಯ ಮಾತನ್ನು ಪೂರ್ತಿ ತಳ್ಳಿಹಾಕಲೂ ನನಗೆ ಮನಸ್ಸಿಲ್ಲ. ಅವಳ ಮಾತಿನಲ್ಲಿ ಒಂದು ಸತ್ಯವಿದೆ. ಅರ್ಥ ತಾನಾಗಿ ಬರುವುದಿಲ್ಲ. ‘ಆಗಿಹೋಗಿದೆಯಲ್ಲ, ಇನ್ನೇನು’ ಎಂದು ಸರ್ಟಿಫಿಕೇಟನ್ನು ಬೀರುವಿನಲ್ಲಿಟ್ಟು ಕೂತರೆ ಅದು ಕಾಗದವಾಗಿಯೇ ಇರುತ್ತದೆ. ಅವಳಿಗೆ ತನ್ನ ಬಾಯಿಂದ ‘ಹೌದು’ ಅನ್ನಬೇಕಾಗಿದೆ. ಆ ಹಸಿವು ಒಳ್ಳೆಯದು. ಅದಕ್ಕೆ ಹಳೆಯದನ್ನು ಅಳಿಸಲೇಬೇಕೇ ಎಂಬುದಷ್ಟೇ ಪ್ರಶ್ನೆ. ಕ್ರೈಸ್ತರಲ್ಲೇ ಇದಕ್ಕೆ ಇನ್ನೊಂದು ದಾರಿ ಇದೆ. ಕಥೋಲಿಕರು ಈಸ್ಟರ್ ಹಬ್ಬದ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ಕೈಯಲ್ಲಿ ಮೇಣದಬತ್ತಿ ಹಿಡಿದು ದೀಕ್ಷೆಯ ವಚನಗಳನ್ನು ಪ್ರತಿ ವರ್ಷ ಮತ್ತೆ ಹೇಳುತ್ತಾರೆ. ನೀರು ಮತ್ತೆ ಹೊಯ್ಯುವುದಲ್ಲ, ಮಾತು ಮತ್ತೆ ಕೊಡುವುದು. ನಮ್ಮಲ್ಲಿ ಉಪಾಕರ್ಮಕ್ಕೆ ಜನಿವಾರ ಬದಲಿಸುವುದಿಲ್ಲವೇ, ಹಾಗೆ. ಪ್ರತಿ ಶ್ರಾವಣಕ್ಕೆ ಯಾರೂ ಮತ್ತೆ ಮುಂಜಿ ಮಾಡಿಸಿಕೊಳ್ಳುವುದಿಲ್ಲ. ನೂಲು ಹೊಸದು, ಉಪದೇಶ ಅದೇ. ನನ್ನನ್ನು ಕೇಳಿದರೆ ಆ ಹುಡುಗಿಗೆ ಇದೇ ಮೇಲು. ಆದರೆ ಅವಳು ನನ್ನನ್ನು ಕೇಳಿಲ್ಲ, ತೀರ್ಮಾನ ಅವಳದು ಮತ್ತು ಅವಳ ಆತ್ಮಸಾಕ್ಷಿಯದು. ಜಡ್ಸನ್ ದಂಪತಿಯ ಹಾಗೆ ಓದಿ, ಯೋಚಿಸಿ, ಬೆಲೆ ತೆತ್ತು ಮುಳುಗುವುದೇ ಸರಿ ಎಂದು ಅವಳಿಗೆ ಅನ್ನಿಸಿದರೆ ಅದನ್ನು ಬೆದರಿಕೆಯಿಂದ ತಡೆದ ಮನೆಯವರಿಗೆ ದೀಕ್ಷೆಯೂ ಉಳಿಯುವುದಿಲ್ಲ, ಮಗಳೂ ಉಳಿಯುವುದಿಲ್ಲ. ಮತ್ತೊಂದು ಮಾತು, ಯಾರೋ ಗೆಳೆಯರು ಒತ್ತಾಯಿಸಿ, ‘ಇಲ್ಲದಿದ್ದರೆ ನರಕ’ ಎಂದು ಹೆದರಿಸಿ ಕರೆದೊಯ್ಯುತ್ತಿದ್ದರೆ ಅದು ಬೇರೆ. ಹೆದರಿ ಹೇಳಿದ ‘ಹೌದು’ ಕೂಸಿನ ಮೌನಕ್ಕಿಂತ ಕಡಿಮೆ ಬೆಲೆಯದು. ಇದನ್ನು ಮಾತ್ರ ಅವಳ ತಾಯಿ ಸಮಾಧಾನದಿಂದ ಕೇಳಿ ತಿಳಿದುಕೊಳ್ಳಬೇಕು.

ಮನೋರಮಾಳ ವಿಷಯ ಹೇಳದೆ ಬಿಟ್ಟೆ. ಏನೂ ತಿಳಿಯದೆ ದೀಕ್ಷೆಯಾದ ಆ ಮಗು ದೊಡ್ಡವಳಾಗಿ ತಾಯಿಯ ಬಲಗೈಯಾದಳು. ಪುಣೆಯ ಬಳಿಯ ಕೇಡಗಾಂವ್‌ನ ಮುಕ್ತಿ ಸದನದಲ್ಲಿ ಕ್ಷಾಮಕ್ಕೆ ಸಿಕ್ಕ ಹೆಣ್ಣುಮಕ್ಕಳಿಗೆ, ಅನಾಥರಿಗೆ, ಕುರುಡರಿಗೆ ದುಡಿದಳು. ನಮ್ಮ ಗುಲಬರ್ಗಾದಲ್ಲಿ 1912ರಲ್ಲಿ ತೆರೆದ ಶಾಲೆಯನ್ನೂ ನಡೆಸಿದಳು. 1921ರಲ್ಲಿ, ತಾಯಿಗಿಂತ ಮೊದಲೇ, ನಲವತ್ತಕ್ಕೆ ತೀರಿಕೊಂಡಳು. ಮರುವರ್ಷ ಏಪ್ರಿಲ್‌ನಲ್ಲಿ ರಮಾಬಾಯಿ ಹೋದರು. ಎರಡೂವರೆ ವರ್ಷದವಳ ದೀಕ್ಷೆ ಪೊಳ್ಳು, ಇಪ್ಪತ್ತೈದರವರದು ಗಟ್ಟಿ ಎಂದು ಯಾವ ತಕ್ಕಡಿಯಲ್ಲಿ ತೂಗುತ್ತೀರಿ?

ಇನ್ನು ತಮ್ಮ ಮಗನ ಪ್ರಶ್ನೆ. ‘ನನ್ನನ್ನು ಯಾರು ಕೇಳಿದ್ರು?’ ಯಾರೂ ಕೇಳಲಿಲ್ಲ, ನಿಜ. ಹೆಸರಿಡುವಾಗಲೂ ಕೇಳಲಿಲ್ಲ, ಕನ್ನಡ ಕಲಿಸುವಾಗಲೂ ಕೇಳಲಿಲ್ಲ, ಪೋಲಿಯೋ ಹನಿ ಹಾಕಿಸುವಾಗಲೂ ಕೇಳಲಿಲ್ಲ. ಮಕ್ಕಳಿಗೆ ತಮ್ಮಲ್ಲಿದ್ದ ಒಳ್ಳೆಯದನ್ನು ಕೇಳದೆಯೇ ಕೊಡುವುದು ಹೆತ್ತವರ ಸ್ವಭಾವ. ಆದರೆ ಇಷ್ಟಕ್ಕೇ ವಾದ ಗೆದ್ದೆವು ಅಂದುಕೊಳ್ಳಬೇಡಿ. ಹೆಸರು ಕೊಟ್ಟ ಮೇಲೆ ‘ಹೆಸರಿಗೆ ತಕ್ಕ ಹಾಗೆ ನಡೆ’ ಎಂದು ದಿನಾ ಬೆಳಿಗ್ಗೆ ಯಾರೂ ಗದರುವುದಿಲ್ಲ. ಮುಂಜಿಯ ವಿಷಯದಲ್ಲಿ ಗದರುತ್ತೇವೆ. ‘ಸಂಧ್ಯಾವಂದನೆ ಮಾಡದವನಿಗೆ ಊಟ ಇಲ್ಲ’ ಅನ್ನುವ ಮನೆಗಳು ಈಗಲೂ ಇವೆ. ಕೊಡುವ ಹಕ್ಕು ಹೆತ್ತವರಿಗಿದೆ, ವಸೂಲಿ ಮಾಡುವ ಹಕ್ಕಿಲ್ಲ. ತಮ್ಮ ಮಗ ಸಿಟ್ಟಾಗಿರುವುದು ಮುಂಜಿ ಮಾಡಿದ್ದಕ್ಕೋ, ಮಾಡಿದ ಮೇಲೆ ಅರ್ಥ ಹೇಳದೆ ಬಿಟ್ಟದ್ದಕ್ಕೋ, ಸ್ವಲ್ಪ ವಿಚಾರಿಸಿ. ಛತ್ರ ಬುಕ್ ಮಾಡಿ, ಮುನ್ನೂರು ಜನಕ್ಕೆ ಊಟ ಹಾಕಿ, ವಿಡಿಯೋ ತೆಗೆಸಿ, ಬ್ರಹ್ಮೋಪದೇಶಕ್ಕೆ ಮಾತ್ರ ‘ಬೇಗ ಮುಗಿಸಿ ಸ್ವಾಮಿ, ಊಟಕ್ಕೆ ತಡವಾಗುತ್ತೆ’ ಅನ್ನುವ ಮನೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ತಮ್ಮದು ಹಾಗಿರಲಿಕ್ಕಿಲ್ಲ.

ಶಾಸ್ತ್ರ ಏನು ಹೇಳುತ್ತದೆ ಎಂದು ಕೇಳುವವರಿಗಾಗಿ ಒಂದು ಮಾತು. ಗೌತಮ ಧರ್ಮಸೂತ್ರದಲ್ಲಿ ನಲವತ್ತು ಸಂಸ್ಕಾರಗಳ ಪಟ್ಟಿ ಇದೆ. ಅದರ ಬೆನ್ನಿಗೇ ಎಂಟು ಆತ್ಮಗುಣಗಳನ್ನು ಹೇಳಿದೆ: ದಯೆ, ಕ್ಷಮೆ, ಅಸೂಯೆ ಇಲ್ಲದಿರುವುದು, ಶುಚಿತ್ವ, ಅತಿಯಾಗಿ ಆಯಾಸಪಡದಿರುವುದು, ಮಂಗಳ, ಜಿಪುಣತನ ಇಲ್ಲದಿರುವುದು, ಆಸೆಬುರುಕತನ ಇಲ್ಲದಿರುವುದು. ನಲವತ್ತೂ ಸಂಸ್ಕಾರಗಳಾಗಿ ಈ ಎಂಟು ಗುಣ ಇಲ್ಲದವನಿಗೆ ಬ್ರಹ್ಮಸಾಯುಜ್ಯವಿಲ್ಲ, ಸಂಸ್ಕಾರಗಳಲ್ಲಿ ಕೆಲವಷ್ಟೇ ಆಗಿದ್ದರೂ ಈ ಗುಣಗಳಿದ್ದವನಿಗೆ ಉಂಟು ಎಂದು ಸೂತ್ರಕಾರರೇ ಬರೆದಿಟ್ಟಿದ್ದಾರೆ. ಕ್ರಿಯೆಯ ನಿಯಮಗಳನ್ನು ಬರೆಯಲು ಕೂತ ಋಷಿಗಳೇ ಕ್ರಿಯೆಯ ಮಿತಿಯನ್ನು ಅಲ್ಲೇ ಹೇಳಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅವರು ಸಂಸ್ಕಾರ ಬೇಡ ಅನ್ನಲಿಲ್ಲ, ನೋಡಿ. ಸಾಲದು ಅಂದರು.

ಮಗನಿಗೆ ಬಲವಂತ ಬೇಡ. ಬರುವ ಉಪಾಕರ್ಮದ ದಿನ, ಮನಸ್ಸಿದ್ದರೆ, ಅರ್ಥ ಬಿಡಿಸಿ ಹೇಳುವ ಪುರೋಹಿತರೊಬ್ಬರ ಹತ್ತಿರ ಅರ್ಧ ಗಂಟೆ ಕೂಡಿಸಿ. ಗಾಯತ್ರಿಯಲ್ಲಿ ಕೇಳಿಕೊಳ್ಳುವುದು ಬುದ್ಧಿಯನ್ನು ಪ್ರಚೋದಿಸು ಎಂದೇ ಹೊರತು ಬುದ್ಧಿಯನ್ನು ಕಟ್ಟಿಹಾಕು ಎಂದಲ್ಲ, ಇದನ್ನು ಅವನಿಗೆ ಹೇಳಿದರೆ ಪ್ರಶ್ನೆ ಕೇಳಿದ್ದಕ್ಕೆ ಅವನಿಗೇ ಹೆಮ್ಮೆ ಆದೀತು. ಆಮೇಲೂ ಬೇಡ ಅಂದರೆ ಸುಮ್ಮನಿರಿ. ಅವನಿಗೂ ಎಂಟು ವರ್ಷ ಬೇಕಾಗಬಹುದು.

ಕೊನೆಯದಾಗಿ, ಹೋಗಬಹುದೇ ಎಂಬುದು. ಖಂಡಿತ ಹೋಗಿ. ಎತ್ತಿ ಆಡಿಸಿದ ಮಗು ಕರೆದಿದ್ದಾಳೆ, ಹೋಗದಿರುವುದೇ ದೋಷ. ಮೈಲಿಗೆಯ ಮಾತೇ ಇಲ್ಲಿ ಬರುವುದಿಲ್ಲ. ಅವಳ ಹೊಸ ಸಭೆಯಲ್ಲಿ ಮುಳುಗಿಸುವ ಪದ್ಧತಿ ಇದ್ದರೆ ಕಟ್ಟಡದೊಳಗೇ ತೊಟ್ಟಿ ಇರುತ್ತದೆ, ಕೆಲವರು ಕೆರೆಗೋ ಹೊಳೆಗೋ ಹೋಗುತ್ತಾರೆ. ಸಭಾಪಾಲಕರು ಪ್ರಶ್ನೆ ಕೇಳುತ್ತಾರೆ, ಅವಳು ಎಲ್ಲರೆದುರು ಉತ್ತರ ಹೇಳುತ್ತಾಳೆ, ಆಮೇಲೆ ನೀರು. ಹಾಡು ಹೇಳುವಾಗ ಎದ್ದು ನಿಂತರೆ ಸಾಕು, ಹಾಡಬೇಕೆಂದಿಲ್ಲ. ಅದರ ಜೊತೆಗೇ ಕರ್ತನ ಭೋಜನ ಎಂದು ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವುದುಂಟು. ನಮ್ಮ ಪ್ರಸಾದದ ಹಾಗೆ ಅದು ಬಂದವರಿಗೆಲ್ಲ ಅಲ್ಲ, ಅವರವರಿಗೇ. ಕೂತಲ್ಲೇ ಕೂತಿರಿ, ಯಾರೂ ತಪ್ಪು ತಿಳಿಯುವುದಿಲ್ಲ.

ಅದಕ್ಕಿಂತ ಮುಂಚೆ, ಹಿಂದಿನ ದಿನವೇ, ಪಕ್ಕದ ಮನೆಗೆ ಹೋಗಿ ಆ ತಾಯಿಯ ಜೊತೆ ಒಂದು ಗಳಿಗೆ ಕೂತು ಬನ್ನಿ. ಅವರು ಬರುತ್ತಾರೋ ಇಲ್ಲವೋ ಎಂದು ಈಗಲೇ ಕೇಳಬೇಡಿ. ಮಗಳ ಮೊದಲ ದೀಕ್ಷೆಯ ಬಿಳಿ ಫ್ರಾಕು, ಆ ದಿನದ ಫೋಟೋ ಅವರ ಹತ್ತಿರ ಇದ್ದೇ ಇರುತ್ತದೆ. ತೋರಿಸಿ ಎಂದು ಕೇಳಿ. ಹುಡುಗಿಯೂ ಮನೆಯಲ್ಲಿದ್ದರೆ ಅವಳನ್ನೂ ಕರೆದು ಪಕ್ಕದಲ್ಲಿ ಕೂಡಿಸಿಕೊಳ್ಳಿ.